ಒಂದು ಗಂಟೆಯ ಅನುಮತಿ

"ಬೂಟು ಬಿಚ್ರಿ," ಎಂದ ಡಂಕನ್ ಗಾರ್ಬಟ್.

ಕ್ಲೈವ್ ಪಿಂಡರ್ ಬಿಚ್ಚಿದ. ಅರವತ್ತೊಂಬತ್ತರ ಮುದುಕ, ಸೈಟಿನ ಗೇಟು ಹಿಡಿದು ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತ. ಸೈಟ್ ಮ್ಯಾನೇಜರ್ ಗಾರ್ಬಟ್ ಬೂಟುಗಳನ್ನು ತಲೆಕೆಳಗು ಮಾಡಿ ಕೊಡವಿದ. ಕೋಟಿನ ಜೇಬು, ಟೋಪಿಯ ಅಸ್ತರು, ಕಾಲುಚೀಲ ಎಲ್ಲವನ್ನೂ ತಡಕಿದ. ಸ್ಯಾಂಡ್‌ವಿಚ್ ಬಿಡಿಸಿ ಚೀಸಿನ ಅಡಿಯಲ್ಲೂ ಇಣುಕಿದ.

"ಹಲ್ಲಿನ ಸೆಟ್ಟೂ ತೆಗೆದು ಕೊಡ್ಲಾ?" ಎಂದ ಪಿಂಡರ್.

"ಇರ್ಲಿ ಬಿಡಿ. ನಿಮ್ಮನೆಯವ್ರ ಕೇಕು ತಿನ್ನೋಕೆ ಬೇಕಾಗುತ್ತೆ."

ಸ್ಕೆಲ್ಬಿ ಹಳ್ಳಿಯ ಅಂಚಿನ ಆ ಹೊಲದಲ್ಲಿ ಹದಿನೆಂಟು ಮನೆ ಏಳಬೇಕಿತ್ತು. ಊರಿಗೆ ಊರೇ ವಿರುದ್ಧ. ವಿರೋಧಿಗಳ ಸಂಘಕ್ಕೆ ನಾಯಕಿ ಬೆರಿಲ್ ಪಿಂಡರ್, ಈ ಮುದುಕನ ಹೆಂಡತಿ. ಪಬ್ಬಿನಲ್ಲಿ ಗಾರ್ಬಟ್ ಕೂತರೆ ಪಕ್ಕದವರು ಗ್ಲಾಸು ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಹೋದ ಭಾನುವಾರ ಬೆರಿಲ್ ತನ್ನ ಪಡೆ ಕಟ್ಟಿಕೊಂಡು ಬೇಲಿ ದಾಟಿ ಬಂದು, ಮೂಲೆಯಲ್ಲಿ ಕಂಬಳಿ ಹಾಸಿ, ಚಹಾ ಕುಡಿದು, ಕೇಕು ತಿಂದು, ಪತ್ರಿಕೆಯವರಿಂದ ಫೋಟೋ ತೆಗೆಸಿಕೊಂಡು ಹೋಗಿದ್ದಳು.

ಸೋಮವಾರ ಬೆಳಗ್ಗೆ ಗೇಟಿನಲ್ಲಿ ಗಂಡ ಪ್ರತ್ಯಕ್ಷ. ಹೆಗಲ ಮೇಲೆ ಮೆಟಲ್ ಡಿಟೆಕ್ಟರ್.

"ಒಂದು ಗಂಟೆ ಬಿಟ್ರೆ ಸಾಕು."

"ಒಂದು ನಿಮಿಷಾನೂ ಬಿಡಲ್ಲ."

"ಅದಿರ್ಲಿ, ಮನೆಗಳು ಯಾವಾಗ ಮುಗೀತವೆ? ಕ್ರಿಸ್‌ಮಸ್ಸಿಗೆ ಜನ ಬಂದು ಇರಬಹುದಾ?"

"ಯಾಕೆ, ಸಂಘದ ಪುಸ್ತಕದಲ್ಲಿ ಬರ್ಕೋಬೇಕಾ? ನಡೀರಿ ಆಚೆ."

ಹುನ್ನಾರ ಗಾರ್ಬಟ್‌ಗೆ ತಿಳಿಯದ್ದಲ್ಲ. ಎರಡು ವರ್ಷದ ಹಿಂದೆ ಬೇರೊಂದು ಊರಿನಲ್ಲಿ, ಅವನ ಸೈಟಿನ ಪಾಯದಲ್ಲಿ ರೋಮನ್ ಕಾಲದ ಮಡಕೆಯೊಂದು ಸಿಕ್ಕಿತ್ತು. ಹದಿನಾಲ್ಕು ತಿಂಗಳು ಕೆಲಸ ನಿಂತಿತು. ಕೆಲಸವಿಲ್ಲದ ಗಾರ್ಬಟ್ ಮನೆಯಲ್ಲಿ ಕೂತು ಕುಡಿದ; ಹೆಂಡತಿ ಅಷ್ಟು ದಿನ ಸಹಿಸಲಿಲ್ಲ. ಈಗ ಇಲ್ಲಿ ಶುಕ್ರವಾರ ಪುರಾತತ್ವ ಅಧಿಕಾರಿ ಇಂಥದೇ ಯಂತ್ರ ಹಿಡಿದು ಕೊನೆಯ ಸಲ ನೆಲ ಪರೀಕ್ಷಿಸಿ ಸಹಿ ಹಾಕಬೇಕಿತ್ತು. ಪಿಂಡರ್‌ನ ಬೀರುವಿನಲ್ಲಿ ನಲವತ್ತು ವರ್ಷ ಹೊಲ ಹೊಲ ಸುತ್ತಿ ಹೆಕ್ಕಿದ ಹಳೆಯ ಕಾಸುಗಳಿವೆ ಎಂಬುದು ಊರಿಗೇ ಗೊತ್ತು. ಅದರಲ್ಲಿ ನಾಲ್ಕನ್ನು ಇಲ್ಲಿ ಉದುರಿಸಿ ಹೋದರೆ ಕಥೆ ಮುಗಿಯಿತು.

ಮಂಗಳವಾರ ಮುದುಕ ವಿಮೆಯ ಚೀಟಿ, ಲೋಹಶೋಧಕರ ಸಂಘದ ಕಾರ್ಡು, ಕೈಬರಹದ ಒಪ್ಪಂದ ಎಲ್ಲ ತಂದ. ಗಾರ್ಬಟ್ ಓದದೆ ವಾಪಸು ಕೊಟ್ಟ.

"ಜಾಗ ನಂದಲ್ಲ, ಯಜಮಾನ್ರೇ. ಒಡೆಯರ ಸಹಿ ತನ್ನಿ."

ಬುಧವಾರ ಪಿಂಡರ್ ಎರಡು ಬಸ್ಸು ಬದಲಿಸಿ ಕಂಪನಿಯ ಕಚೇರಿಯಿರುವ ಲಿಂಕನ್ ಪಟ್ಟಣಕ್ಕೆ ಹೋದ. ಗುರುವಾರ ಸಹಿಯೊಂದಿಗೆ ಬಂದ. ಹಿಂದೆಯೇ ಕಂಪನಿಯ ದೊಡ್ಡವರ ಫೋನು ಗಾರ್ಬಟ್‌ಗೆ: "ಆ ಹೆಂಗಸಿನ ಗಂಡನೇ ಹುಡುಕಿ ಏನೂ ಇಲ್ಲ ಅಂದ್ರೆ ನಮಗೇ ಒಳ್ಳೇದಲ್ವೇನ್ರೀ? ಒಂದು ಗಂಟೆ ಬಿಡಿ."

ಹಾಗಾಗಿ ಈ ತಪಾಸಣೆ. ಬೂಟು ಹಾಕಿಕೊಳ್ಳಲು ಬಿಟ್ಟು ಗಾರ್ಬಟ್ ಅವನ ಹಿಂದೆಯೇ ನಡೆದ, ಎರಡು ಹೆಜ್ಜೆ ಅಂತರದಲ್ಲಿ.

ಹುಡುಕುವವರು ಸಾಲು ಹಿಡಿದು ಹೋಗುತ್ತಾರೆಂದು ಅವನು ಕೇಳಿದ್ದ. ಪಿಂಡರ್ ಸಾಲು ಹಿಡಿಯಲಿಲ್ಲ. ನೇರ ಮುಳ್ಳುಬೇಲಿಯ ಮೂಲೆಗೆ ಹೋದ. ಅಲ್ಲಿ ಹಿಂದಕ್ಕೂ ಮುಂದಕ್ಕೂ, ನೆಲಕ್ಕೆ ತಾಗುವಷ್ಟು ಕೆಳಗೆ, ಯಂತ್ರ ಬೀಸಿದ. ಅರ್ಧ ಗಂಟೆ ಕಳೆಯಿತು. ಅವನು ನಿಂತು ಹಣೆಯ ಬೆವರು ಒರೆಸಿಕೊಂಡ.

"ಸುಸ್ತಾದ್ರೆ ಮನೆಗೆ ಹೋಗಿ," ಎಂದ ಗಾರ್ಬಟ್.

ಯಂತ್ರ ಕೀರಲು ದನಿಯಲ್ಲಿ ಕೂಗಿತು.

ಪಿಂಡರ್ ಮಂಡಿಯೂರಿದ. ಕರಣೆಯಿಂದ ಒಂದು ಗೇಣು ಕೆದಕಿ ಮುಷ್ಟಿ ತುಂಬ ಏನನ್ನೋ ಬಾಚಿದ. "ಬಾಟ್ಲಿ ಮುಚ್ಚಳ," ಎನ್ನುತ್ತ ಕೈಯನ್ನು ಜೇಬಿನತ್ತ ಒಯ್ದ.

ಗಾರ್ಬಟ್ ಮಣಿಕಟ್ಟು ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಒಂಬತ್ತು ಬೆಳ್ಳಿ ನಾಣ್ಯ. ಒಂದೊಂದರ ಮೇಲೂ ಯಾವುದೋ ಚಕ್ರವರ್ತಿಯ ಸವೆದ ಮುಖ.

ಗಾರ್ಬಟ್ ಒಂದನ್ನು ಬೆಳಕಿಗೆ ಹಿಡಿದು ನೋಡಿದ. ಮುದುಕ ತಂದದ್ದಂತೂ ಅಲ್ಲ. ಬೂಟಿನ ತಳ ಸಮೇತ ತಾನೇ ತಡಕಿದ್ದ. ಅಂದರೆ ನೆಲದ್ದೇ. ನಿಧಿ. ಮತ್ತೆ ಹದಿನಾಲ್ಕು ತಿಂಗಳು.

"ಕಳ್ಳ ಮುದುಕ," ಎಂದ. "ಹೆಂಡ್ತಿ ಬೀದೀಲಿ ಕೂಗ್ತಾಳೆ, ನೀನು ಜೇಬು ತುಂಬ್ಕೋತೀಯಾ."

"ಹಾಗೇ ಅಂದ್ಕೊಳ್ಳಿ. ನೀವು ಏನೂ ನೋಡಿಲ್ಲ, ನಾನು ಏನೂ ಕಂಡಿಲ್ಲ. ಹೋಗ್ತೀನಿ."

ಒಂದು ಕ್ಷಣ ಗಾರ್ಬಟ್‌ಗೆ ಒಪ್ಪಿಬಿಡುವ ಆಸೆಯಾಯಿತು. ಮರುಕ್ಷಣ ಬೆರಿಲ್‌ಳ ಮುಖ ನೆನಪಾಯಿತು. ಮುಚ್ಚಿಹಾಕಿದ್ದು ನಾಳೆ ಪತ್ರಿಕೆಗೆ ಬಂದರೆ ಕೆಲಸವೂ ಹೋಯಿತು, ತಾನೂ ಜೈಲಿಗೆ. ಬಲೆಯೇ ಇದು. ಅವನು ಫೋನ್ ತೆಗೆದು ಪುರಾತತ್ವ ಇಲಾಖೆಯ ನಂಬರು ಒತ್ತಿದ. ಆ ಕಡೆ ರಿಂಗಾಗತೊಡಗಿತು.

"ಇಡ್ರಿ ಫೋನು," ಎಂದ ಪಿಂಡರ್. ಮುಖ ಬಿಳಿಚಿಕೊಂಡಿತ್ತು.

"ನಿಮಗೆ ಬೇಕಾದ್ದೂ ಇದೇ ಅಲ್ವಾ? ಊರೆಲ್ಲ ಹಬ್ಬ ಮಾಡಿ."

"ಇವು ನಂದೇ ಕಣ್ರೀ. ಬೀರೂದು. ಭಾನುವಾರ ಕಂಬಳಿ ಕೆಳಗೆ ಕೈ ಹಾಕಿ ಬೆರಿಲ್ ಹೂತಿದ್ದು. ರಾತ್ರಿ ನೋಡಿದ್ರೆ ಡ್ರಾಯರ್ ಖಾಲಿ."

ಗಾರ್ಬಟ್ ಫೋನ್ ಕಟ್ ಮಾಡಿದ. "ಹೆಂಡ್ತಿ ಹೂತಿದ್ದನ್ನ ಗಂಡ ಬಂದು ಯಾಕ್ರೀ ಅಗೀತಾನೆ?"

ಪಿಂಡರ್ ಎದ್ದು ಮಂಡಿಯ ಮಣ್ಣು ಒರೆಸಿಕೊಂಡ.

"ಇಲ್ಲಿ ಕಟ್ಟೋ ಹನ್ನೊಂದನೇ ನಂಬರ್ ಮನೆ ನಮ್ಮ ಮಗಳಿಗೆ ಸಿಕ್ಕಿದೆ, ಅವಳ ಜೊತೆ ಆರು ವರ್ಷದಿಂದ ಮಾತು ಬಿಟ್ಟಿರೋ ಅವರಮ್ಮಂಗೆ ಇನ್ನೂ ಗೊತ್ತಿಲ್ಲ."