ಪಾಲಿಗೆ ಬಂದ ಚಕ್ರ

ಬೈಂಡರು ಚೀಲದಿಂದ ತೆಗೆದಿಟ್ಟ ಹಲ್ಲಿನ ಚಕ್ರವನ್ನು ಕೌಂಟರಿನ ಮುದುಕರು ಮುಟ್ಟಿಯೂ ನೋಡಲಿಲ್ಲ. "ಕಾಗದ ಕತ್ತರಿಸೋ ಮಷೀನಿಂದು. ನಿಮ್ಮಪ್ಪ ತಗೊಂಡಿದ್ದು. ಮೂರು ಹಲ್ಲು ಹೋಗಿದೆ," ಎಂದರು. ಹಳೆಯ ಯಂತ್ರಗಳ ಬಿಡಿಭಾಗ ಮಾರುವ ಆ ಅಂಗಡಿಯಲ್ಲಿ ನಲವತ್ತು ವರ್ಷ ನಿಂತವರು ಅವರು. ಗಿರಾಕಿಗಳು ಬೆನ್ನ ಹಿಂದೆ ಅವರನ್ನು ಕ್ಯಾಟಲಾಗು ಎನ್ನುತ್ತಿದ್ದರು. ಅವರು ಪುಸ್ತಕ ತೆರೆದು ನೋಡಿದ್ದನ್ನು ಕಂಡವರಿಲ್ಲ.

"ಮೂರು ಲೇತಿನವರಿಗೆ ತೋರಿಸಿದೆ ಯಜಮಾನ್ರೇ. ಬೀಡು ಕಬ್ಬಿಣ, ಬೆಸುಗೆ ನಿಲ್ಲಲ್ಲ, ಓರೆ ಹಲ್ಲು ಹೊಸದಾಗಿ ಕೊರೆಯೋಕೂ ಆಗಲ್ಲ ಅಂತ ಎಲ್ಲರೂ ಕೈಚೆಲ್ಲಿಬಿಟ್ರು. ಸೋಮವಾರ ಸ್ಕೂಲಿಗೆ ನೋಟ್‌ಬುಕ್ಕು ಕೊಡಬೇಕು. ಹೊಲಿಗೆ, ಅಂಟು ಎಲ್ಲಾ ಮುಗಿದಿದೆ, ಅಂಚು ಕತ್ತರಿಸೋದೊಂದೇ ಬಾಕಿ. ಎದುರಂಗಡಿಯವನ ಹತ್ತಿರ ಕತ್ತರಿಸಿಕೊಂಡ್ರೆ ಮುಂದಿನ ವರ್ಷ ಸ್ಕೂಲಿನವರು ನೇರ ಅವನ ಹತ್ತಿರಾನೇ ಹೋಗ್ತಾರೆ."

ಬೈಂಡರಿಗೆ ಉಳಿದಿದ್ದ ದೊಡ್ಡ ಗಿರಾಕಿ ಎಂದರೆ ಆ ಸ್ಕೂಲು ಒಂದೇ. ಅದೂ ಕೈತಪ್ಪಿದರೆ ಅಂಗಡಿಗೆ ಬೀಗ, ಐವತ್ತಾರರ ವಯಸ್ಸಿನಲ್ಲಿ ಇನ್ನೊಬ್ಬರ ಕೈಕೆಳಗೆ ಅಂಟು ಕಲಸುವ ಕೆಲಸ.

"ಈ ಮಷೀನು ಮಾಡ್ತಿದ್ದ ಕಂಪನಿ ಬಾಗಿಲು ಹಾಕಿ ನಾಲ್ಕು ವರ್ಷ ಆಯ್ತು. ಎಲ್ಲೂ ಹುಡುಕಬೇಡಿ," ಎಂದರು ಮುದುಕರು. "ಆದ್ರೆ ಮಷೀನಿನ ಜೊತೆ ನಿಮ್ಮಪ್ಪನಿಗೆ ಇಂಥದೇ ಇನ್ನೊಂದು ಚಕ್ರ ನಾನೇ ಕಟ್ಟಿ ಕೊಟ್ಟಿದ್ದೆ. ಬಿಡಿಭಾಗದ ಪೆಟ್ಟಿಗೆ ಎಲ್ಲಿ?"

"ತಮ್ಮನ ಪಾಲಿಗೆ ಹೋಯ್ತು."

ಅದು ಅಣ್ಣತಮ್ಮಂದಿರ ಚಿಕ್ಕಪ್ಪನ ಜಾಣತನ. ಒಂಬತ್ತು ವರ್ಷದ ಹಿಂದೆ ಪಾಲು ಮಾಡುವಾಗ ಆತ ಮಷೀನನ್ನು ಅಣ್ಣನಿಗೂ ಬಿಡಿಭಾಗದ ಪೆಟ್ಟಿಗೆಯನ್ನು ತಮ್ಮನಿಗೂ ಕೊಟ್ಟಿದ್ದ. ಮಷೀನು ಕೆಟ್ಟಾಗಲಾದರೂ ಒಬ್ಬರಿಗೊಬ್ಬರು ಬೇಕಾಗುತ್ತಾರೆ, ಸಂಬಂಧ ಉಳಿಯುತ್ತದೆ ಎಂದು ಅವನ ಲೆಕ್ಕ. ಅಪ್ಪ ಹಾಸಿಗೆ ಹಿಡಿದಾಗ ಯಾರು ಎಷ್ಟು ಮಾಡಿದರು ಎಂಬ ಮಾತು ಅವತ್ತೇ ಬಂತು, ಬಂದ ಮಾತು ಹಿಂದೆ ಹೋಗಲಿಲ್ಲ. ಒಂಬತ್ತು ವರ್ಷ ಮಷೀನು ಕೆಡಲೇ ಇಲ್ಲ. ಅಣ್ಣತಮ್ಮಂದಿರೇ ಕೆಟ್ಟರು.

ಮುದುಕರು ಬೈಂಡರನ್ನು ಕೇಳದೆಯೇ ತಮ್ಮನಿಗೆ ಫೋನು ಹಚ್ಚಿದರು. ವಿಷಯ ಹೇಳಿ, ಆ ಕಡೆಯ ಮಾತು ಕೇಳಿ, ಫೋನನ್ನು ಕೌಂಟರಿನಾಚೆ ಚಾಚಿದರು. "ಕೊಡ್ತಾನಂತೆ. ಅಣ್ಣನೇ ಕೇಳಲಿ ಅಂತಾನೆ."

ಬೈಂಡರು ಫೋನು ಹಿಡಿದುಕೊಂಡ. ಎದುರಂಗಡಿಯವನ ಮುಖ ನೆನಪಾಗದೆ ಇದ್ದಿದ್ದರೆ ಫೋನು ವಾಪಸು ಕೊಟ್ಟುಬಿಡುತ್ತಿದ್ದನೇನೋ. "ಆ ಚಕ್ರ ಸ್ವಲ್ಪ ತಗೊಂಡು ಬಾರೋ," ಎಂದ. ಅಷ್ಟು ಹೇಳುವುದರೊಳಗೆ ಬೆವರಿದ್ದ.

ಅರ್ಧ ಗಂಟೆಯಲ್ಲಿ ತಮ್ಮ ಬಂದ. ಪಾರ್ಸಲ್ ಆಫೀಸಿನ ಕೆಲಸ ಅರ್ಧಕ್ಕೆ ಬಿಟ್ಟು, ಮನೆಗೆ ಹೋಗಿ ಬಂದಿದ್ದ, ಕಿವಿಯ ಮೇಲೆ ಪೆನ್ಸಿಲ್ ಹಾಗೇ ಇತ್ತು. ತಲೆ ಮುಂದಿನಿಂದ ಬೋಳಾಗಿದ್ದನ್ನು ಅಣ್ಣ ಈಗಷ್ಟೇ ನೋಡಿದ. ಇಬ್ಬರೂ ಚೆನ್ನಾಗಿದ್ದೀಯಾ ಎನ್ನಲಿಲ್ಲ. ತಮ್ಮ ಎಣ್ಣೆಬಟ್ಟೆಯ ಸುತ್ತು ಬಿಡಿಸಿ ಚಕ್ರವನ್ನು ಕೌಂಟರಿನ ಮೇಲಿಟ್ಟ. ಎಲ್ಲೂ ಒಂದು ಚುಕ್ಕೆ ತುಕ್ಕಿರಲಿಲ್ಲ. ಬೈಂಡರಿಗೆ ಜೀವ ಬಂದಂತಾಯಿತು. "ಇಷ್ಟು ಚೆನ್ನಾಗಿ ಇಟ್ಟಿದ್ದೀಯಲ್ಲೋ," ಎಂದ. ತಮ್ಮ ಪಕ್ಕಕ್ಕೆ ತಿರುಗಿ ಮೂಗೊರೆಸಿಕೊಂಡ.

ಮುದುಕರು ಮುರಿದ ಚಕ್ರವನ್ನು ಹೊಸದರ ಮೇಲೆ ಇಟ್ಟರು. ಒಂದು ಕಡೆ ಹಲ್ಲಿಗೆ ಹಲ್ಲು ಕೂತರೆ ಇನ್ನೊಂದು ಕಡೆ ಜಾರುತ್ತಿತ್ತು. ತಿರುಗಿಸಿ ಇಟ್ಟರೂ ಅದೇ ಕಥೆ. ಕನ್ನಡಕ ತೆಗೆದು ಒರೆಸಿ, ಉಗುರಿನಿಂದ ಒಂದೊಂದೇ ಹಲ್ಲು ಮುಟ್ಟುತ್ತಾ ಎಣಿಸಿದರು. ಮುರಿದದ್ದರಲ್ಲಿ, ಮೊಂಡಾದ ಮೂರೂ ಸೇರಿ, ಇಪ್ಪತ್ತೇಳು. ಹೊಸದರಲ್ಲಿ ಇಪ್ಪತ್ತಾರು. ಮತ್ತೆ ಎಣಿಸಿದರು.

"ಇದು ಚಿಕ್ಕ ಮಷೀನಿಂದು," ಎಂದರು ಕೊನೆಗೆ. "ಅವತ್ತು ನಾನೇ ತಪ್ಪು ಕಟ್ಟಿಕೊಟ್ಟಿದ್ದೀನಿ."

"ಹಾಕಿ ನೋಡೋಣ ಯಜಮಾನ್ರೇ. ಒಂದು ಹಲ್ಲು ತಾನೇ?"

"ನಾಲ್ಕು ಸುತ್ತು ತಿರುಗಿದ್ರೆ ಒಳಗಿನ ಚಕ್ರದ ಹಲ್ಲನ್ನೂ ಮುರಿಯುತ್ತೆ. ಅದೂ ಸಿಗಲ್ಲ." ಕೌಂಟರಿನ ಹಿಂದೆ ಎಂದೂ ಕೂರದ ಮುದುಕರು ಒಂದು ಖಾಲಿ ಡಬ್ಬದ ಮೇಲೆ ಕೂತರು. "ನೀವು ಪಾಲಾದ ಮೇಲೂ ಐದು ವರ್ಷ ಕಂಪನಿ ಇತ್ತು ಕಣ್ರಪ್ಪಾ. ಯಾವತ್ತಾದ್ರೂ ಒಂದು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಿದ್ರೆ, ಒಂದು ಕಾಗದ ಬರೆದು ಬದಲಾಯಿಸಿ ಕೊಡ್ತಿದ್ದೆ."

ಅವರು ಯಾರನ್ನೂ ದೂರಲಿಲ್ಲ. ಅವರನ್ನು ಬೈಯುವಷ್ಟು ಶಕ್ತಿ ಬೈಂಡರಿಗೂ ಇರಲಿಲ್ಲ. ಎಲ್ಲ ಮುಗಿಯಿತು ಎಂದು ಅವನಿಗೆ ಗೊತ್ತಾಗಿತ್ತು. ಸುಮ್ಮನೆ ಹೊಸ ಚಕ್ರವನ್ನು ಎತ್ತಿಕೊಂಡು, ಬೆರಳಿಗೆ ಹತ್ತಿದ ಎಣ್ಣೆಯನ್ನು ನೋಡುತ್ತಾ ತಮ್ಮನನ್ನು ಕೇಳಿದ.

"ಒಂದು ಸಲಾನೂ ಎಣಿಸಲಿಲ್ವೇನೋ?"

"ವರ್ಷಾ ವರ್ಷ ಒಂದೊಂದು ಹಲ್ಲಿಗೂ ಎಣ್ಣೆ ಹಚ್ಚಿದ್ದೀನಿ ಅಣ್ಣ," ಎಂದ ತಮ್ಮ. "ಹಚ್ಚುವಾಗೆಲ್ಲ, ನಿನ್ನ ಮಷೀನು ಈ ವರ್ಷವಾದ್ರೂ ಕೆಡಲಪ್ಪಾ ಅಂದ್ಕೊತಿದ್ದೆ. ಎಣಿಸೋದು ತಲೆಗೇ ಬರಲಿಲ್ಲ."