ರಜೆ ಮುಗಿಯುವಷ್ಟರಲ್ಲಿ ಚಿಕ್ಕದಾದ ಆಮೆ

ದೋಹಾ ಅಲ್ ಜದೀದಾ ಬಡಾವಣೆಯ ಸಾಕುಪ್ರಾಣಿ ಅಂಗಡಿಯ ಮಾಲೀಕರೂ ನನ್ನ ಅಪ್ಪನೂ ಸೇರಿ ನನಗೆ ಸುಳ್ಳು ಹೇಳಿದರು. ಆಮೆಗೆ ಹಾಕುತ್ತಿದ್ದ ಒಣಸಿಗಡಿಯ ವಾಸನೆ ಎಲ್ಲಿ ಬಂದರೂ ಇಂದಿಗೂ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಬೇಸಿಗೆ ರಜೆಗೆ ಮಂಗಳೂರಿಗೆ ಹೊರಟಾಗ ನನ್ನ ಸಿಹಿನೀರಿನ ಆಮೆಯನ್ನು ಆ ಅಂಗಡಿಯಲ್ಲಿ ಬಿಟ್ಟಿದ್ದೆವು. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿದ್ದ ಅದು ಅಪ್ಪನ ಅಂಗೈ ತುಂಬುವಷ್ಟು ಬೆಳೆದಿತ್ತು. ಚಿಪ್ಪು ಕಪ್ಪಾಗಿ, ಹಳೆಯ ಪದರ ಸುಲಿಯುತ್ತಿತ್ತು. ಮರಳಿ ಬಂದ ಮೇಲೆ ಮಾಲೀಕರು ಕೊಟ್ಟ ಡಬ್ಬಿಯಲ್ಲಿ ಬಿಸ್ಕತ್ತಿನಷ್ಟು ಅಗಲದ, ಎಳೆ ಹಸಿರು ಚಿಪ್ಪಿನ ಆಮೆಯಿತ್ತು.

"ಅಪ್ಪ, ಇದು ನಮ್ಮದಲ್ಲ."

"ಎಸಿಯಲ್ಲಿತ್ತಲ್ಲ ಮೋಳೆ, ಸ್ವಲ್ಪ ಸೊರಗಿದೆ," ಎಂದರು ಮಲಯಾಳಿ ಮಾಲೀಕರು. ಅವರ ಭಾಷೆಯಲ್ಲಿ ಮೋಳೆ ಎಂದರೆ ಮಗಳೇ.

"ಚಿಪ್ಪು ಕೂಡ ಸೊರಗುತ್ತದಾ?"

ಅವರು ಅಪ್ಪನನ್ನು ನೋಡಿದರು. ಅಪ್ಪ ಡಬ್ಬಿಯನ್ನು ನೋಡಿದರು. "ನಿನ್ನನ್ನು ನೆನೆಸಿಕೊಂಡು ಊಟ ಬಿಟ್ಟಿರಬೇಕು ಮಾರಾಯ್ತಿ. ಖಲಾಸ್, ನಡಿ."

ಅಂಗಡಿಯ ಹಿಂಬದಿಯಲ್ಲಿ ನನ್ನ ಆಮೆಯನ್ನು ಇಟ್ಟಿದ್ದ ತೊಟ್ಟಿಯತ್ತ ನಾನು ಇಣುಕಿದೆ. ಅಂಚಿನವರೆಗೂ ನೀರಿತ್ತು, ಏರಿ ಕೂರಲು ಒಂದು ಕಲ್ಲೂ ಇರಲಿಲ್ಲ. ನೀರಿನಲ್ಲಿ ಬಾಳಿದರೂ ಆಮೆ ಉಸಿರಾಡುವುದು ಗಾಳಿಯನ್ನೇ. ಈಜಿ ದಣಿದದ್ದು ಎಲ್ಲಿ ಕೂರಬೇಕು? ಹಾಗೆಂದು ಕೇಳುವ ಮೊದಲೇ ಅಪ್ಪ ನನ್ನ ಕೈ ಹಿಡಿದು ಹೊರಗೆ ಕರೆದೊಯ್ದರು. ಕಾರಿನಲ್ಲಿ ಹೋಗುವಾಗ ನಾನು ಕೇಳದಿದ್ದರೂ ಐಸ್‌ಕ್ರೀಮ್ ಕೊಡಿಸಿದರು. ನನ್ನ ಆಮೆ ಸತ್ತಿದೆ, ಇದು ಬೇರೆಯದೇ ಎಂಬ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಆ ತೊಟ್ಟಿಯಲ್ಲಿ ಇನ್ನು ಯಾವ ಆಮೆಯನ್ನೂ ಇಡಬಾರದೆಂದು ಮಾಲೀಕರನ್ನು ವಿನಂತಿಸುತ್ತೇನೆ. ನನ್ನ ಆಮೆ ಹೇಗೆ ಸತ್ತಿತು, ಅದನ್ನು ಎಲ್ಲಿ ಹೂಳಿದಿರಿ ಎಂಬುದಕ್ಕೆ ಅಪ್ಪ ಈಗಲಾದರೂ ನೇರವಾದ ಉತ್ತರ ಕೊಡಬೇಕೆಂದು ಕೋರುತ್ತೇನೆ.