ಮಾಜಿ ಮಂತ್ರಿಗಳು ಅಕ್ಕನ ಮನೆಗೆ ಹೋದ ದಿನ

ಬೆಳಗ್ಗೆಯಿಂದ ಈ ಕಥೆಯನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು... ಪುರುಸೊತ್ತಿದ್ದರೆ ಈಗಲೇ ಓದಿ. ಇಲ್ಲದಿದ್ದರೆ ಪುರುಸೊತ್ತು ಮಾಡಿಕೊಂಡು ಓದಿ.

ಒಂದು ಊರಿನಲ್ಲಿ ಪರಮಶಿವಯ್ಯ ಅಂತ ವಕೀಲರಿದ್ದರು. ತಾಲ್ಲೂಕು ಕೋರ್ಟಿನಲ್ಲಿ ಅವರು ವಾದಕ್ಕೆ ಎದ್ದು ನಿಂತರೆ, ಹೊರಗೆ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ಒಳಗೆ ಬರುತ್ತಿದ್ದರು.

ಜನ ಸುಮ್ಮನೆ ಬಿಡುತ್ತಾರೆಯೇ? "ಲಾಯರ್ ಸಾಹೇಬ್ರೇ, ಎಲೆಕ್ಷನ್‌ಗೆ ನಿಂತ್ಕೊಳ್ಳಿ" ಅಂದರು... ನಿಂತರು. ಗೆದ್ದರು.

ಎಂಎಲ್‌ಎ ಆದರು... ರಾಜ್ಯದಲ್ಲಿ ಮಂತ್ರಿ ಆದರು... ಆಮೇಲೆ ಎಂಪಿಯಾಗಿ ದೆಹಲಿಗೆ ಹೋಗಿ ಅಲ್ಲೂ ಮಂತ್ರಿ ಆದರು. ಕಪ್ಪು ಕೋಟು ಬೀರು ಸೇರಿತು.

ಲಂಚ ಮುಟ್ಟಿದವರಲ್ಲ, ಅದನ್ನು ಹೇಳಲೇಬೇಕು. ರಸ್ತೆ, ಹಾಸ್ಟೆಲ್, ಆಸ್ಪತ್ರೆ ಎಲ್ಲ ಮಾಡಿಸಿದರು. ಒಳ್ಳೆಯ ಮನುಷ್ಯರೇ... ಬರೀ ಪುರುಸೊತ್ತಿರಲಿಲ್ಲ.

ಹೋದ ಎಲೆಕ್ಷನ್‌ನಲ್ಲಿ ಸೋತುಬಿಟ್ಟರು.

ರಿಸಲ್ಟ್ ಬಂದ ವಾರದಲ್ಲೇ ಫೋನ್ ತಣ್ಣಗಾಯಿತು. ಪಿಎ ಬೇರೆ ಸಾಹೇಬರನ್ನು ನೋಡಿಕೊಂಡ. ಹೆಂಡತಿ ಇಲ್ಲವಾಗಿ ಎಷ್ಟೋ ವರ್ಷ ಆಗಿತ್ತು, ಮಕ್ಕಳೂ ಇಲ್ಲ.

ಪೇಪರ್ ಓದಿ ಮುಗಿದರೆ ಆಯಿತು, ಮುಂದೆ ಏನು ಮಾಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಹಳೇ ಕೋರ್ಟಿಗೆ ಹೋದರೆ ಹೊಸ ಲಾಯರ್‌ಗಳು ಎದ್ದು ನಮಸ್ಕಾರ ಮಾಡಿ, ಸೆಲ್ಫಿ ತೆಗೆದುಕೊಂಡು, ತಮ್ಮ ತಮ್ಮ ಕೇಸಿಗೆ ಓಡುತ್ತಿದ್ದರು.

ಯುಗಾದಿ ಬಂತು. ಮಧ್ಯಾಹ್ನವಾದರೂ ಒಬ್ಬರೂ ಬಾಗಿಲು ತಟ್ಟಲಿಲ್ಲ... ಸಾಹೇಬರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬಸ್ಸು ಹತ್ತಿ ಅರಸೀಕೆರೆಯ ಅಕ್ಕನ ಮನೆಗೆ ಹೊರಟರು.

ಅಕ್ಕ ಸಿದ್ದಗಂಗಮ್ಮ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು.

ಭಾವ ಬಸವಲಿಂಗಪ್ಪ, ಕೋರ್ಟಿನ ಮುಂದೆ ಟೈಪಿಂಗ್ ಮೆಷಿನ್ ಇಟ್ಟುಕೊಂಡಿದ್ದವರು. "ನನ್ನ ಬಾಮೈದ ಲಾಯರ್ ಆಗ್ಲೇಬೇಕು" ಅಂತ ಹಟ ಹಿಡಿದು ಓದಿಸಿದವರು.

ಆ ಭಾವ ತೀರಿಕೊಂಡಾಗ ಇವರು ಬೆಂಗಳೂರಿನಲ್ಲಿ ಮಂತ್ರಿ. ಬಂದರು, ಹಾರ ಹಾಕಿದರು, ಟಿವಿಯವರ ಮುಂದೆ ಎರಡು ಮಾತಾಡಿದರು, ಸಂಜೆ ಮೀಟಿಂಗ್ ಇದೆ ಅಂತ ಹೊರಟರು. ಆಮೇಲೆ ಆ ಮನೆ ಮೆಟ್ಟಿಲು ಹತ್ತಿದ್ದು ಇವತ್ತೇ.

"ಬಾರೋ... ಒಬ್ನೇ ಬಂದ್ಯಾ?" ಅಂದರು ಅಕ್ಕ. ಕೂರಿಸಿ, ತಟ್ಟೆ ಇಟ್ಟು, ಒಬ್ಬಟ್ಟಿಗೆ ತುಪ್ಪ ಹಾಕಿದರು.

ಯಾಕೋ ಸಾಹೇಬರಿಗೆ ಇಷ್ಟು ದಿನದ ಸಂಕಟವೆಲ್ಲ ಸಿಟ್ಟಾಗಿ ಬಂತು. ವಕೀಲರಲ್ಲವೇ... ಸೋತರೂ ವಾದ ಬಿಡುವವರಲ್ಲ.

"ಅಕ್ಕಾ, ನಾನು ಮಂತ್ರಿ ಆಗಿದ್ದಾಗ ಊರಿಗೆ ಊರೇ ನನ್ನ ಬಾಗ್ಲಿಗೆ ಬಂತು. ನೀನೊಬ್ಳು ಬರ್ಲಿಲ್ಲ. ಒಂದೇ ಒಂದ್ಸಲ ಬರ್ಬಾರ್ದಿತ್ತಾ?"

"ಬಂದಿದ್ದೆ ಕಣೋ."

"ಯಾವಾಗ?"

"ನಿಮ್ಮ ಭಾವನ್ನ ಬೆಂಗಳೂರಲ್ಲಿ ಆಸ್ಪತ್ರೆಗೆ ಸೇರ್ಸಿದ್ವಲ್ಲ, ಆವಾಗ. ಫೋನ್ ಮಾಡಿದ್ರೆ, ಸಾಹೇಬ್ರು ಮೀಟಿಂಗಲ್ಲಿದಾರೆ ಅಂತಿದ್ದ ನಿನ್ನ ಪಿಎ. ಇವ್ರು ನೋಡಿದ್ರೆ, ಪರಮನ್ನ ಕರ್ಕೊಂಡ್ ಬಾ, ಒಂದ್ಸಲ ನೋಡ್ಬೇಕು ಅಂತ ಒಂದೇ ಸಮ. ಬೆಳಿಗ್ಗೆ ಎದ್ದು ನಿನ್ನ ಬಂಗ್ಲೆಗೆ ಬಂದೆ. ಪೊಲೀಸ್ನೋರು, 'ಅರ್ಜಿಯೋರೆಲ್ಲ ಸಾಲಲ್ಲಿ ನಿಂತ್ಕೊಳ್ಳಿ' ಅಂದ್ರು... ನಿಂತ್ಕೊಂಡೆ."

ಸಾಹೇಬರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ನೀನು ಎಲ್ರ ಕೈಯಿಂದ ಅರ್ಜಿ ಇಸ್ಕೊಂಡು, ಹಿಂದಿದ್ದ ಪಿಎ ಕೈಗೆ ಕೊಡ್ತಾ ಬಂದೆ. ನನ್ನ ಕೈಲಿ ಆಸ್ಪತ್ರೆ ಚೀಟಿ ಇತ್ತು, ಅದನ್ನೂ ಇಸ್ಕೊಂಡೆ. 'ಆಯ್ತಮ್ಮ, ಮಾಡ್ಸೋಣ' ಅಂದೆ... ಮುಂದಿನೋರ ಹತ್ರ ಹೋದೆ."

"ನಾನು... ನಿನ್ನ ಮುಖ ನೋಡ್ಲಿಲ್ವಾ?"

"ನೀನು ಅರ್ಜಿ ನೋಡ್ತಿದ್ದೆ ಕಣೋ. ಅಷ್ಟೊಂದು ಜನ, ನಿನ್ನ ಕಣ್ಣಾದ್ರೂ ಎಷ್ಟು ಕಡೆ ನೋಡುತ್ತೆ ಪಾಪ."

"ಅಲ್ಲಕ್ಕಾ, ಕೂಗ್ಬಾರ್ದಿತ್ತಾ? ನಾನು ನಿಮ್ಮಕ್ಕ ಅನ್ಬಾರ್ದಿತ್ತಾ?"

ಅಕ್ಕ ತುಪ್ಪದ ಬಟ್ಟಲು ಕೆಳಗಿಟ್ಟರು.

"ನಾನು ನಿಮ್ಮಕ್ಕ ಅಂತ ನಿನಗೇ ಹೇಳ್ಬೇಕಿತ್ತೇನೋ ಪರಮ?"

ಕೋರ್ಟಿನಲ್ಲಿ, ವಿಧಾನಸೌಧದಲ್ಲಿ, ಪಾರ್ಲಿಮೆಂಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ್ದವರು... ತುತ್ತನ್ನು ತಟ್ಟೆಗೇ ವಾಪಸ್ ಇಟ್ಟು ತಲೆ ತಗ್ಗಿಸಿದರು.

ತಲೆ ಎತ್ತದೆಯೇ ಕೇಳಿದರು, "ಭಾವಂಗೆ ಹೋಗಿ ಏನು ಹೇಳ್ದೆ?"

"ಬರ್ತಾನಂತೆ ಅಂದೆ. ಇನ್ನೇನ್ ಹೇಳ್ಲಿ? ಖುಷಿಯಾಗ್ಬಿಟ್ರು ಕಣೋ. ನನ್ನ ಬಾಮೈದ ಮಿನಿಸ್ಟ್ರು ಬರ್ತಾನೆ ಅಂತ ನರ್ಸಿಗೆಲ್ಲ ಹೇಳಿದ್ರು. ಗಡ್ಡ ಮಾಡಿಸ್ಕೊಂಡ್ರು, ಹೊಸ ಶರ್ಟ್ ಹಾಕು ಅಂದ್ರು... ಆಮೇಲೆ ಜೀವ ಹೋಗೋ ತನಕ, ಯಾರು ಬಾಗ್ಲು ತಳ್ಳಿದ್ರೂ ತಲೆ ಎತ್ತಿ ನೋಡೋರು."

ಸಾಹೇಬರು ತಟ್ಟೆಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತರು. ಎಲೆಕ್ಷನ್ ಸೋತ ದಿನವೂ ಅತ್ತಿರಲಿಲ್ಲ.

"ನನ್ನ ಕ್ಷಮಿಸ್ಬಿಡು ಅಕ್ಕಾ..."

ಅಕ್ಕ ಪಕ್ಕದಲ್ಲಿ ಕೂತು ತಮ್ಮನ ಬೆನ್ನು ಸವರಿದರು.

"ನಾನು ಯಾವತ್ತೋ ಕ್ಷಮಿಸ್ಬಿಟ್ಟೆ ಕಣೋ... ಆದ್ರೆ ನಿನಗೋಸ್ಕರ ಕಾಯ್ತಿದ್ದೋರು ನಾನಲ್ವಲ್ಲ."

.

*ಊರಿಗೆಲ್ಲ ಸಿಗುವ ಮನುಷ್ಯ ತನ್ನವರಿಗೇ ಸಿಗದೆ ಹೋದರೆ, ಕೊನೆಗೆ ಕ್ಷಮೆ ಕೇಳುವುದಕ್ಕೂ ಅವರು ಸಿಗುವುದಿಲ್ಲ.*

.

"ಆಯ್ತು, ಬರ್ತೀನಿ" ಅಂತ ಹೇಳಿ ನೀವು ಇನ್ನೂ ಹೋಗದೆ ಇರುವ ಮನೆ ಯಾವುದು...?